ಬೆರಳು ತೆಗೆ

ಹಾಗಲ್ಲ ಬೆಲಾರ್ಮಿನೊ, ಕೆನ್ನೆಗೆ ಒತ್ತಿಕೊಳ್ಳಬೇಡ.
ಅದೇನು ಹಲ್ಲುನೋವಿಗೆ ಇಟ್ಟುಕೊಳ್ಳುವ ಬಿಸಿ ಉಪ್ಪಿನ ಗಂಟೇ?
ಬಾಯಿಂದ ನಾಲ್ಕು ಬೆರಳು ದೂರ ಹಿಡಿ.
ನಿನ್ನ ಎಳೆ ಬೆರಳಲ್ಲ, ನನ್ನವು.
ಮೂವತ್ತು ವರ್ಷ ನೀಲಿಕಲ್ಲಿನ ಚಿಪ್ಪು ಬಿಡಿಸಿ
ದಪ್ಪಗಾದವು.

ಏರಿಯಲ್ ಆಚೆ ವಾಲಲಿ,
ಕಣ್ಣಿಗೆ ಬೇಡ, ಹಣೆಗೆ ಬೇಡ.
ರಬ್ಬರು ಸುಲಿದು ತಂತಿ ಕಂಡರೆ ತಂದು ನನ್ನ ಮೇಜಿನ ಮೇಲಿಡು;
ಟೇಪು ಸುತ್ತಿ ನಡೆಸುವ ಜಾಣತನ
ನಿನ್ನಪ್ಪ ತೋರಿಸಿದ್ದಾನೆ,
ಅವನ ತುಟಿಯ ಮೇಲಿನ ಬಿಳಿ ಚುಕ್ಕೆ ಕೇಳು, ಹೇಳುತ್ತದೆ.

ಹೊಗೆಯಿಲ್ಲದ ಕೆಂಡವಿಲ್ಲದ ಬಿಸಿ ಇದು.
ಗುಂಡಿ ಒತ್ತಿದಷ್ಟು ಹೊತ್ತು ಒಲೆ ಉರಿಯುತ್ತದೆ,
ಬಿಟ್ಟರೆ ಆರುತ್ತದೆ.
ಕೇಳುವವನ ಕೈಯಲ್ಲಿ ಇದು ಬರೀ ಪೆಟ್ಟಿಗೆ.
ಹೆದರಬೇಡ. ಹಾಗಂತ ಸದರವೂ ಬೇಡ.
ಒಲೆಯ ಮುಂದೆ ಆ ಬೆಕ್ಕು ಕೂತಿದೆಯಲ್ಲ,
ಮೀಸೆ ಸುಡದಷ್ಟು ದೂರ, ಬೆನ್ನು ಕಾಯುವಷ್ಟು ಹತ್ತಿರ,
ಅದಕ್ಕೆ ಯಾರು ಕೈಪಿಡಿ ಓದಿ ಹೇಳಿದರು?

ನಮಗೆ ಮಾತ್ರ ಓದಬೇಕು.
ಸೀಮೆಎಣ್ಣೆ ವಾಸನೆಯ ಈ ಹಾಳೆ, ಏಳನೇ ಸಾಲು:
ಮಾತು ಅರ್ಧ ಹೊತ್ತು ಮೀರದಿರಲಿ.
ಎಲೆಉತೇರಿಯೊ ಬದುಕಿದ್ದಾಗ ಇದನ್ನು
ಗೋಡೆಗೆ ಅಂಟಿಸಿದ್ದೆ, ಊಟದ ಮೇಜಿನ ಎದುರಿಗೇ.
ಅವನು ಓದಲಿಲ್ಲ.
ಓದಿದ್ದರೆ ಅದರ ಬಗ್ಗೆಯೂ ಮಾತಾಡುತ್ತಿದ್ದ.

ನಗಬೇಡ. ನಾನೇನು ಕಡಿಮೆಯೆ?
ಹತ್ತೊಂಬತ್ತು ನನಗೆ ಆಗ. ಆಗಸ್ಟ್ ತಿಂಗಳು.
ಚಿಲೊಯೆಯ ಮಂಜು ಗೊತ್ತಲ್ಲ, ಚಾಚಿದ ಕೈಯನ್ನೇ ನುಂಗುತ್ತದೆ.
ನನ್ನ ತಮ್ಮ ಉಲಿಸೆಸ್ ಎಂಜಿನ್ ಕೆಟ್ಟ ದೋಣಿಯಲ್ಲಿ
ಎಲ್ಲೋ ಇದ್ದ.
ಇಲ್ಲಿ, ಇದೇ ಕಿಟಕಿಯ ಬಳಿ, ನಾನು ಗುಂಡಿ ಒತ್ತಿದೆ.
ಎಲ್ಲಿದ್ದೀಯ ಎಲ್ಲಿದ್ದೀಯ ಎಲ್ಲಿದ್ದೀಯ
ಮಾತಾಡು, ದೇವರಾಣೆ, ಮಾತಾಡು
ಅನ್ನುತ್ತಾ ಒತ್ತಿಯೇ ಇದ್ದೆ.
ಪೆಟ್ಟಿಗೆ ಬೆಂದ ಆಲೂಗಡ್ಡೆಯ ಹಾಗೆ ಬಿಸಿ.
ಏರಿಯಲ್ ಕಣತಲೆಗೆ ಅಂಟಿ ಕಿವಿ ಕೆಂಪಗೆ.
ನನಗೆ ಯಾವುದೂ ತಿಳಿಯಲಿಲ್ಲ.

ಮುದುಕ ಎರ್ಮೊಹೆನೆಸ್ ಬಂದ. ಬೈಯಲಿಲ್ಲ.
ಹಗ್ಗಕ್ಕೆ ಕಚ್ಚಿಕೊಂಡ ನೀಲಿಕಲ್ಲು ಕೀಳುವ ಹಾಗೆ
ಒಂದೊಂದೇ ಬೆರಳು ಬಿಡಿಸಿದ.
ಹುಡುಗೀ, ನಿನ್ನ ಬೆರಳು ಅಲ್ಲಿರುವ ತನಕ
ಅವನಿಗೆ ಬಾಯಿಲ್ಲ.

ಬರೀ ಕೊರಕೊರ.
ಆಮೇಲೆ ಅದೂ ಇಲ್ಲ.
ಆಮೇಲೆ, ಇಲಿ ಕಡಿದ ಹಾಗೆ,
ಟಿಕ್. ಟಿಕ್.

ಮಾತಿಗೆ ಸಾಲುವಷ್ಟು ಬ್ಯಾಟರಿ ಅವನಲ್ಲಿ ಉಳಿದಿರಲಿಲ್ಲ.
ಮುದುಕ ಕೇಳಿದ: ಹೌದಾದರೆ ಎರಡು ಸಲ ಒತ್ತು.
ಚರ್ಚಿನ ಗಂಟೆ ಕೇಳುತ್ತಿದೆಯಾ?
ಏನೂ ಇಲ್ಲ.
ಕಡಲಸಿಂಹಗಳು ಕೂಗುವುದು ಕೇಳುತ್ತಿದೆಯಾ?
ಟಿಕ್. ಟಿಕ್.
ಎಡಕ್ಕೆ?
ತುಂಬ ಹೊತ್ತು ಕಾದೆವು. ನಾನು ತುಟಿ ಕಚ್ಚಿ ರಕ್ತ ಬಂದಿತ್ತು.
ಟಿಕ್.
ಇನ್ನೊಂದು ಬರಲೇ ಇಲ್ಲ.
ಒಂದು ಟಿಕ್ ಅಂದರೆ ಏನು, ಅರ್ಧ ಹೌದೆ?
ಅಷ್ಟನ್ನೇ ನಂಬಿ ಇಬ್ಬರು ಹುಟ್ಟು ಹಾಕಿದರು.

ಸಿಕ್ಕ. ಬಂಡೆಯ ಬಲಕ್ಕೆ.
ಕಂಬಳಿಯೊಳಗಿಂದ ಅವನ ಮೊದಲ ಮಾತು:
ಅಕ್ಕಾ, ಒಂದು ಗಂಟೆ ಕಾದೆ,
ನೀನು ಉಸಿರು ತೆಗೆದುಕೊಳ್ಳಲಿ ಅಂತ.

ಈಗ ಸೊಂಟದ ಕ್ಲಿಪ್ಪಿಗೆ ಸಿಕ್ಕಿಸು, ಅಂಗಿಯೊಳಗೆ ತುರುಕಬೇಡ.
ಪೆಟ್ರೋಲು ತುಂಬುವಾಗ ಆರಿಸು.
ಹೋಗುವ ಮುನ್ನ ಒಂದು ಸಲ ನನ್ನೆದುರಿಗೆ:
ಒತ್ತು. ಉಸಿರೆಳೆದುಕೋ. ಹೆಸರು ಹೇಳು. ಎಲ್ಲಿದ್ದೀ ಹೇಳು.
ಸಾಕು. ಬೆರಳು ತೆಗೆ.

ಏನು ಕೇಳಿಸಿತು?
ಏನೂ ಇಲ್ಲವೆ? ಇನ್ನೂ ಸ್ವಲ್ಪ ತಾಳು.
ಆ ಕೆಟಲನ್ನು ಒಲೆಯಿಂದ ಇಳಿಸು,
ಆಗಿನಿಂದ ಅದೊಂದೇ ಮಾತಾಡುತ್ತಿದೆ.